ಒಪ್ಪೊತ್ತು: ತಪಸ್ಸುಕಾಲದಲ್ಲಿ ಮೊದಲ ಸಲ ಉಪವಾಸ ಹಿಡಿಯುವವರಿಗೆ

ನಮ್ಮ ಅಜ್ಜಿ ಶೆಟ್ಟಿಹಳ್ಳಿಯವರು. ಹೇಮಾವತಿಯ ಹಿನ್ನೀರಿಗೆ ಊರು ಹೋದ ಮೇಲೆ ಹಾಸನಕ್ಕೆ ಬಂದರು. ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುವ ಅಲ್ಲಿನ ಹಳೆಯ ಚರ್ಚಿನ ಚಿತ್ರವನ್ನು ನೀವೂ ನೋಡಿರುತ್ತೀರಿ. ಬೇಸಗೆ ಹತ್ತಿರವಾದಂತೆ ನೀರು ಇಳಿಯುತ್ತದೆ. ತಪಸ್ಸುಕಾಲದ, ಅಂದರೆ ಪಾಸ್ಖ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ಉಪವಾಸ ಕಾಲದ, ಹೊತ್ತಿಗೆ ಅದರ ಗೋಡೆಯ ಬುಡದವರೆಗೂ ನಡೆದು ಹೋಗಬಹುದು. ಆ ಊರಿಂದ ಅಜ್ಜಿ ತಂದ ಸಾಮಾನುಗಳಲ್ಲಿ ಒಂದು ಸಣ್ಣ ಮಣ್ಣಿನ ಮಡಕೆ ಇತ್ತು. ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರದಿಂದ ಪಾಸ್ಖ (ಈಸ್ಟರ್) ಹಬ್ಬದವರೆಗೆ, ಅನ್ನಕ್ಕೆ ಅಕ್ಕಿ ಅಳೆದಾಗಲೆಲ್ಲ ಅದರಲ್ಲಿ ಒಂದು ಹಿಡಿ ತೆಗೆದು ಆ ಮಡಕೆಗೆ ಹಾಕುತ್ತಿದ್ದರು.

"ಇದು ಯಾರಿಗಜ್ಜಿ?" ಅಂತ ಕೇಳಿದ್ದೆ.

"ಯಾರಿಗೋ. ನಾವು ಉಣ್ಣದೆ ಬಿಟ್ಟಿದ್ದು ಕಣಪ್ಪ, ಇನ್ನ ನಮ್ದಲ್ಲ."

ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವ ಕೆಲಸ ನನ್ನದು. ಪ್ರತಿ ವರ್ಷ ಜನವರಿ ಮುಗಿಯುವಾಗ ಒಬ್ಬಿಬ್ಬರಾದರೂ ಬಂದು ಕೇಳುತ್ತಾರೆ: ಸರ್, ಈ ಸಲ ಉಪವಾಸ ಮಾಡಬೇಕು ಅಂತಿದ್ದೀನಿ, ಹೇಗೆ ಶುರು ಮಾಡಲಿ? ಕಾಲೇಜಿನ ಹುಡುಗರು, ಹೊಸದಾಗಿ ಕೆಲಸಕ್ಕೆ ಸೇರಿದವರು, ಕೆಲವೊಮ್ಮೆ ಐವತ್ತು ದಾಟಿದವರು. ಅವರಿಗೆ ಕೂತು ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಯಾತಕ್ಕೆ ಅಂತ ಒಂದು ಚೀಟಿಯಲ್ಲಿ ಬರೆಯಿರಿ

ಊಟ ಬಿಡುವ ಮೊದಲು ಮಾಡಬೇಕಾದ ಕೆಲಸ ಇದು. ಒಂದು ಸಾಲು ಸಾಕು. ಯಾರ ಮೇಲಿನ ಸಿಟ್ಟು ಕರಗಬೇಕು, ಯಾವ ಚಟ ಬಿಡಬೇಕು, ಯಾರಿಗಾಗಿ ಬೇಡಿಕೊಳ್ಳಬೇಕು? ಬರೆದು ಬೈಬಲ್ಲಿನ ಒಳಗಿಡಿ. ಮಧ್ಯಾಹ್ನ ಹನ್ನೆರಡೂವರೆಗೆ ಹೊಟ್ಟೆ ತಾಳ ಹಾಕುವಾಗ ಆ ಚೀಟಿಯೇ ನಿಮ್ಮ ಕೈ ಹಿಡಿಯುವುದು.

ಉಪವಾಸದಿಂದ ದೇವರನ್ನು ಒತ್ತಾಯಿಸಬಹುದು ಎಂದು ನಂಬಿದವರನ್ನು ನಾನು ಬಹಳ ನೋಡಿದ್ದೇನೆ. ಮಗನಿಗೆ ಸೀಟು ಸಿಗಲಿ ಎಂದು ಏಳು ಶುಕ್ರವಾರ ಹಿಡಿದು, ಸಿಗದಿದ್ದಾಗ ಚರ್ಚಿಗೆ ಬರುವುದನ್ನೇ ಬಿಟ್ಟವರಿದ್ದಾರೆ. ಆ ನೋವು ನನಗೆ ಅರ್ಥವಾಗುತ್ತದೆ. ಬೇಡಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಪ್ರವಾದಿ ಯೆಶಾಯನ ಗ್ರಂಥದ 58ನೇ ಅಧ್ಯಾಯದಲ್ಲಿ ಜನ ದೇವರನ್ನು ಕೇಳುವುದೂ ಇದೇ ಪ್ರಶ್ನೆಯನ್ನೇ: ನಾವು ಉಪವಾಸ ಇದ್ದರೂ ನೀನೇಕೆ ಕಣ್ಣೆತ್ತಿ ನೋಡಲಿಲ್ಲ? ದೇವರ ಉತ್ತರ ನೇರವಾಗಿದೆ. ಉಪವಾಸದ ದಿನವೂ ನಿಮ್ಮ ಲಾಭವನ್ನೇ ನೋಡಿಕೊಳ್ಳುತ್ತೀರಿ, ಕೂಲಿಯವರನ್ನು ಹಿಂಡುತ್ತೀರಿ, ಜಗಳ ಆಡುತ್ತೀರಿ. ನಾನು ಮೆಚ್ಚುವ ಉಪವಾಸವೆಂದರೆ ಹಸಿದವರ ಜೊತೆ ರೊಟ್ಟಿ ಹಂಚಿಕೊಳ್ಳುವುದು. ವಿಭೂತಿ ಬುಧವಾರ ಕಳೆದ ಎರಡನೇ ದಿನ, ಶುಕ್ರವಾರ, ಚರ್ಚಿನ ಬಲಿಪೂಜೆಯಲ್ಲಿ ಓದುವುದು ಈ ಭಾಗವನ್ನೇ. ಆ ದಿನ ಸಾಧ್ಯವಾದರೆ ಪೂಜೆಗೆ ಹೋಗಿ. ಇಲ್ಲದಿದ್ದರೆ ಮನೆಯಲ್ಲೇ ಜೋರಾಗಿ ಓದಿ. ಕಾಫಿ ತೋಟ ಇರುವ ನಮ್ಮ ಜಿಲ್ಲೆಗಳಲ್ಲಿ ಕೂಲಿಯವರ ಮಾತು ಬರುವ ಸಾಲು ಬೇರೆ ಥರವೇ ಕೇಳಿಸುತ್ತದೆ.

ಇನ್ನು ತೂಕ ಇಳಿಸುವ ಆಸೆ. ಅದು ಬೇಕಿದ್ದರೆ ಬೇರೆ ತಿಂಗಳಲ್ಲಿ ಮಾಡಿಕೊಳ್ಳಿ. ಎರಡನ್ನೂ ಒಟ್ಟಿಗೆ ಹಿಡಿದರೆ ಮನಸ್ಸು ತಕ್ಕಡಿಯ ಕಡೆಗೇ ಹೋಗುತ್ತದೆ.

ಧರ್ಮಸಭೆ (ಚರ್ಚ್) ಕೇಳುವುದು ಎಷ್ಟು

ಬಹಳ ಜನ ತಿಳಿದುಕೊಂಡಿರುವುದಕ್ಕಿಂತ ಕಡಿಮೆ. ಕಥೋಲಿಕರಿಗೆ ಕಡ್ಡಾಯ ಉಪವಾಸ ವರ್ಷಕ್ಕೆ ಎರಡೇ ದಿನ: ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ (ಗುಡ್ ಫ್ರೈಡೇ). 18 ತುಂಬಿದವರಿಂದ 59 ತುಂಬುವವರೆಗೆ ಇದು ಅನ್ವಯಿಸುತ್ತದೆ. ಆ ದಿನ ಒಂದು ಪೂರ್ತಿ ಊಟ, ಜೊತೆಗೆ ಬೆಳಿಗ್ಗೆ ಮತ್ತು ಇನ್ನೊಂದು ಹೊತ್ತು ಸ್ವಲ್ಪ ಆಹಾರ. ಇದನ್ನೇ ನಮ್ಮ ಹಿರಿಯರು ಒಪ್ಪೊತ್ತು ಎಂದರು. ಮಾಂಸ ಬಿಡುವ ನಿಯಮ 14 ತುಂಬಿದ ಎಲ್ಲರಿಗೂ ಇದೆ; ಮೀನು, ಮೊಟ್ಟೆ, ಹಾಲು ಇದರಲ್ಲಿ ಸೇರುವುದಿಲ್ಲ. ಶುಕ್ರವಾರಗಳ ಮಾಂಸತ್ಯಾಗದ ವಿಷಯದಲ್ಲಿ ಆಯಾ ದೇಶದ ಧರ್ಮಾಧ್ಯಕ್ಷರು (ಬಿಷಪ್‌ಗಳು) ಬೇರೆ ರೂಪದ ತಪಸ್ಸನ್ನು ಅನುಮತಿಸಬಹುದು, ಆದ್ದರಿಂದ ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಒಂದು ಮಾತು ಕೇಳಿಕೊಳ್ಳಿ. ಬಲಿಪೂಜೆಯಲ್ಲಿ ಸ್ವೀಕರಿಸುವ ಪರಮಪ್ರಸಾದಕ್ಕೆ ಮುಂಚೆ ಒಂದು ಗಂಟೆ ಏನೂ ತಿನ್ನಬಾರದು ಎಂಬುದು ವರ್ಷವಿಡೀ ಇರುವ ಬೇರೆಯೇ ನಿಯಮ. ನೀರಿಗೂ ಔಷಧಿಗೂ ಅದು ಅಡ್ಡ ಬರುವುದಿಲ್ಲ.

ನಲವತ್ತು ದಿನದ ಲೆಕ್ಕ ಹಲವರಿಗೆ ಕೂಡಿ ಬರುವುದಿಲ್ಲ. ವಿಭೂತಿ ಬುಧವಾರದಿಂದ ಪಾಸ್ಖದ ಹಿಂದಿನ ದಿನವಾದ ಪವಿತ್ರ ಶನಿವಾರದವರೆಗೆ ಎಣಿಸಿದರೆ 46 ದಿನ. ಅದರಲ್ಲಿ ಆರು ಭಾನುವಾರ ಬಿಟ್ಟರೆ 40. ಭಾನುವಾರ ಪುನರುತ್ಥಾನದ ದಿನ, ಅಂದು ಉಪವಾಸ ಇಲ್ಲ. 2027ರಲ್ಲಿ ವಿಭೂತಿ ಬುಧವಾರ ಫೆಬ್ರವರಿ 10, ಶುಭ ಶುಕ್ರವಾರ ಮಾರ್ಚ್ 26, ಪಾಸ್ಖ ಮಾರ್ಚ್ 28.

ಬೇರೆ ಸಭೆಗಳವರ ರೂಢಿ ಬೇರೆ. ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಮನೆಗಳಲ್ಲಿ ಲೆಂಟ್ ಕಾಲವನ್ನು, ಅಂದರೆ ಇದೇ ತಪಸ್ಸುಕಾಲವನ್ನು, ಆಚರಿಸುತ್ತಾರೆ, ಎಷ್ಟು ಉಪವಾಸ ಎಂಬುದನ್ನು ಅವರವರ ಮನಸ್ಸಿಗೆ ಬಿಟ್ಟಿರುತ್ತದೆ. ಅವರ ಹಿಂದಿನ ಮೆಥಡಿಸ್ಟ್ ಪರಂಪರೆಯ ಮೂಲಪುರುಷ ಜಾನ್ ವೆಸ್ಲಿ ಬುಧವಾರ, ಶುಕ್ರವಾರ ಉಪವಾಸ ಹಿಡಿದವರು. ಪ್ರಾರ್ಥನಾ ಸಭೆಗಳಲ್ಲಿ ತಿಂಗಳಿಗೊಂದು ದಿನ ಎಲ್ಲರೂ ಸೇರಿ ಉಪವಾಸ ಪ್ರಾರ್ಥನೆ ಮಾಡುವುದುಂಟು. ನರಸಿಂಹರಾಜಪುರದ ಕಡೆ ಕೇರಳದಿಂದ ಬಂದು ನೆಲೆಸಿದ ಸುರಿಯಾನಿ ಕುಟುಂಬಗಳಿವೆ; ಅವರ ಪರಂಪರೆಯ ಐವತ್ತು ದಿನದ ನೋಂಬು (ಉಪವಾಸ ವ್ರತ) ನಮ್ಮದಕ್ಕಿಂತ ಬಹಳ ಕಟ್ಟುನಿಟ್ಟು. ಪೂರ್ತಿ ಪಾಲಿಸುವವರು ಮಾಂಸ, ಮೀನು, ಮೊಟ್ಟೆ, ಹಾಲು ಎಲ್ಲವನ್ನೂ ಬಿಡುತ್ತಾರೆ. ನನಗೆ ಅವರ ಮೇಲೆ ದೊಡ್ಡ ಗೌರವ.

ಕಾಫಿಯ ಕಥೆ

ಹಾಸನ, ಚಿಕ್ಕಮಗಳೂರಿನವರಿಗೆ ಇದನ್ನು ಬಿಡಿಸಿ ಹೇಳಲೇಬೇಕು. ಉಪವಾಸದ ದಿನ ತಲೆ ಸಿಡಿಯಿತು, ನನ್ನ ಕೈಲಾಗದು ಎಂದು ಕೈಬಿಟ್ಟವರಲ್ಲಿ ಮುಕ್ಕಾಲು ಪಾಲು ಜನರನ್ನು ಬೀಳಿಸಿದ್ದು ಹಸಿವಲ್ಲ, ಕಾಫಿ ಎಂದೇ ನನ್ನ ಅಂದಾಜು. ದಿನಕ್ಕೆ ನಾಲ್ಕು ಲೋಟ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೊನೆಯ ಲೋಟದಿಂದ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗುತ್ತದೆ. ಒಂದೆರಡು ದಿನಕ್ಕೆ ಏರುತ್ತದೆ, ಕೆಲವರಿಗೆ ವಾರದ ತನಕ ಎಳೆಯುತ್ತದೆ. ಜೊತೆಗೆ ಸುಸ್ತು, ಸಿಡಿಮಿಡಿ. ಕೆಫೀನಿಗೆ ಒಗ್ಗಿಹೋದ ಮೈ ಅದನ್ನು ಕೇಳುವ ರೀತಿ ಅದು.

ಹಾಗಾಗಿ ವಿಭೂತಿ ಬುಧವಾರಕ್ಕೆ ಹತ್ತು ದಿನ ಇರುವಾಗಲೇ ಇಳಿಸುತ್ತ ಬನ್ನಿ. ನಾಲ್ಕು ಲೋಟದವರು ಮೂರಕ್ಕೆ, ಮೂರು ದಿನ ಬಿಟ್ಟು ಎರಡಕ್ಕೆ, ಆಮೇಲೆ ಬೆಳಗಿನ ಒಂದಕ್ಕೆ. ಡಿಕಾಕ್ಷನ್ ತೆಳ್ಳಗೆ ಮಾಡಿಕೊಂಡರೂ ಆಯಿತು. ಸಂಜೆಯದನ್ನು ಮೊದಲು ಬಿಡುವುದು ಸುಲಭ. ಬಿಸಿಯಾದ್ದೇನಾದರೂ ಬೇಕು ಅನ್ನಿಸಿದರೆ ಜೀರಿಗೆ ನೀರು ಅಥವಾ ಶುಂಠಿ ಹಾಕಿ ಕುದಿಸಿದ ನೀರು. ಕೆಲವರು ಒಪ್ಪೊತ್ತಿನ ದಿನವೂ ಬೆಳಗಿನ ಒಂದು ಲೋಟ ಇಟ್ಟುಕೊಳ್ಳುತ್ತಾರೆ, ನಿಯಮಕ್ಕೆ ಅದು ಅಡ್ಡಿಯಲ್ಲ. ನಾನು ಮಾತ್ರ ಬಿಡುತ್ತೇನೆ. ನನ್ನ ವಿಷಯದಲ್ಲಿ ಊಟ ಬಿಡುವುದಕ್ಕಿಂತ ದೊಡ್ಡ ತ್ಯಾಗ ಅದೇ.

ಫೆಬ್ರವರಿ, ಮಾರ್ಚಿನಲ್ಲಿ ಒಂದು ಹದ ಮಳೆ ಬಿದ್ದು ವಾರ ಕಳೆಯುವಷ್ಟರಲ್ಲಿ ತೋಟವೆಲ್ಲ ಬಿಳಿ ಹೂವಾಗುತ್ತದೆ. ಸಕಲೇಶಪುರದ ರಸ್ತೆಯಲ್ಲಿ ಬಸ್ಸಿನ ಕಿಟಕಿ ತೆಗೆದರೆ ಆ ವಾಸನೆ. ಅಂಥ ದಿನ ಕಾಫಿ ಇಲ್ಲದೆ ಕೂತು ಹೂವಿಗಾಗಿ ದೇವರಿಗೆ ವಂದನೆ ಹೇಳಿದ್ದು ನನ್ನ ನೆನಪಿನ ಒಳ್ಳೆಯ ಪ್ರಾರ್ಥನೆಗಳಲ್ಲೊಂದು.

ಯಾರು ಊಟ ಬಿಡಬಾರದು

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಒಂದು ಹೊತ್ತೂ ಬಿಡಬೇಡಿ. ಊಟವಿಲ್ಲದೆ ಮಾತ್ರೆ ನುಂಗಿದರೆ ಸಕ್ಕರೆ ದಿಢೀರನೆ ಇಳಿಯಬಹುದು. ಕೈ ನಡುಗುವುದು, ಬೆವರು, ಕಣ್ಣು ಮಂಜಾಗುವುದು ಕಂಡರೆ, ಅಥವಾ ಮೀಟರಿನಲ್ಲಿ 70ಕ್ಕಿಂತ ಕೆಳಗೆ ಬಂದರೆ, ಉಪವಾಸ ಅಲ್ಲಿಗೆ ಮುಗಿಯಿತು. ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿದು, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ, ಆಮೇಲೆ ಊಟ ಮಾಡಿ. ಬಸುರಿಯರು, ಎದೆಹಾಲು ಕುಡಿಸುವ ತಾಯಂದಿರು, ಬೆಳೆಯುವ ಮಕ್ಕಳು, ಮೂತ್ರಪಿಂಡದ ತೊಂದರೆ ಇರುವವರು, ಹೊಟ್ಟೆ ಹುಣ್ಣಿನವರು, ಹಿಂದೆ ಯಾವಾಗಲಾದರೂ ತಿನ್ನಲು ಹೆದರಿ ಹೆದರಿ ಬದುಕಿದವರು, ಇವರೆಲ್ಲ ಬೇರೆ ಏನನ್ನಾದರೂ ಬಿಡಲಿ: ಸಿಹಿ, ಮೊಬೈಲು, ಟೀವಿ ಧಾರಾವಾಹಿ. ದಿನವಿಡೀ ಬಿಸಿಲಲ್ಲಿ ಮೈ ಮುರಿದು ದುಡಿಯುವವರಿಗೂ ಇದೇ ಮಾತು. ಬೆಳಿಗ್ಗೆಯಿಂದ ಗುಂಡಿ ತೋಡುವ ಕೂಲಿಯವರಿಗೆ ಧರ್ಮಸಭೆ ಹಸಿವನ್ನು ಹೇರುವುದಿಲ್ಲ.

ಹೀಗೆ ವಿನಾಯಿತಿ ಇರುವವರು ಕಡಿಮೆ ಭಕ್ತರಲ್ಲ. ನಮ್ಮ ಅಮ್ಮನಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ ಶುಭ ಶುಕ್ರವಾರವೂ ಹೊತ್ತಿಗೆ ಸರಿಯಾಗಿ ತಿನ್ನಬೇಕಾಯಿತು. ಮೊದಲ ವರ್ಷ ತಟ್ಟೆ ಮುಂದೆ ಇಟ್ಟುಕೊಂಡು ಅತ್ತರು. ಗುರುಗಳು ಮನೆಗೆ ಬಂದು, "ಅಮ್ಮಾ, ಈ ಅನ್ನವನ್ನೇ ವಿಧೇಯತೆ ಅಂತ ಉಣ್ಣಿ" ಎಂದಾಗ ಸಮಾಧಾನವಾಯಿತು.

ಮೊದಲ ಶುಕ್ರವಾರ, ಹೊತ್ತು ಹೊತ್ತಿಗೆ

ಕಡ್ಡಾಯವಲ್ಲದಿದ್ದರೂ ತಪಸ್ಸುಕಾಲದ ಶುಕ್ರವಾರಗಳನ್ನು ಹಿಡಿಯಿರಿ ಎಂದು ನಾನು ಹೇಳುವುದು. ಗುರುವಾರ ರಾತ್ರಿ ಎಂಟರೊಳಗೆ ಊಟ ಮುಗಿಸಿ. ಮುದ್ದೆ, ಬಸ್ಸಾರು, ಒಂದಿಷ್ಟು ಕಾಳಿನ ಪಲ್ಯ. ನಾಳೆ ಉಪವಾಸ ಎಂದು ಎರಡರಷ್ಟು ತಿನ್ನಬೇಡಿ. ಉಪ್ಪಿನಕಾಯಿ, ಹಪ್ಪಳ ಬೇಡ, ಮಾರನೇ ದಿನ ಬಾಯಾರಿಕೆ ಹೆಚ್ಚು. ಮನೆಯವರಿಗೆ ಮಾತ್ರ ಮೊದಲೇ ಹೇಳಿಡಿ. ಅಡುಗೆ ಮಾಡುವವರಿಗೆ ತಿಳಿಸದೆ ಉಪವಾಸ ಹಿಡಿಯುವುದು ಅವರ ಶ್ರಮಕ್ಕೆ ಮಾಡುವ ಅವಮಾನ.

ಬೆಳಿಗ್ಗೆ ಎದ್ದು ಎರಡು ಲೋಟ ನೀರು. ಬೈಬಲ್ಲಿನ ಕೀರ್ತನೆ 51 ನಿಧಾನವಾಗಿ ಓದಿ, ಹತ್ತು ನಿಮಿಷ ಸಾಕು. ಎಂಟು ಗಂಟೆಗೆ ಒಂದು ಲೋಟ ರಾಗಿ ಅಂಬಲಿ. ಇದು ಮೊದಲ ಸಣ್ಣ ಆಹಾರ. ಆಮೇಲೆ ಮಾಮೂಲಿ ಕೆಲಸಕ್ಕೆ ಹೋಗಿ, ರಜೆ ಹಾಕಬೇಡಿ. ಕೈಗೆ ಕೆಲಸವಿದ್ದರೆ ಮನಸ್ಸು ಹೊಟ್ಟೆಯ ಸುತ್ತ ಸುತ್ತುವುದಿಲ್ಲ. ಬಾಟಲಿ ಜೊತೆಗಿರಲಿ, ಗಂಟೆಗೊಮ್ಮೆ ನಾಲ್ಕು ಗುಟುಕು.

ಹನ್ನೊಂದಕ್ಕೆ ಒಂದು ಅಲೆ, ಒಂದಕ್ಕೆ ಇನ್ನೊಂದು. ಹಸಿವು ದಿನವಿಡೀ ಏರುತ್ತಲೇ ಹೋಗುತ್ತದೆ ಎಂದು ಹೊಸಬರು ಹೆದರುತ್ತಾರೆ. ಹಾಗಾಗುವುದಿಲ್ಲ. ದಿನಾ ಉಣ್ಣುವ ಹೊತ್ತಿಗೆ ಗ್ರೆಲಿನ್ ಎಂಬ ಹಾರ್ಮೋನು ಏರಿ ಹೊಟ್ಟೆಯನ್ನು ಎಬ್ಬಿಸುತ್ತದೆ, ನೀವು ಉಣ್ಣದಿದ್ದರೂ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಆ ಹೊತ್ತನ್ನು ದಾಟುವುದೇ ಉಪವಾಸದ ಒಳಗಿನ ಕೆಲಸ. ಎಲ್ಲರೂ ಊಟಕ್ಕೆ ಎದ್ದಾಗ ನೀವೂ ಎದ್ದು ಹೊರಗೆ ಹೋಗಿ. ಹಾಸನದಲ್ಲಿ ನಾನು ಕೆಲಸ ಮಾಡುತ್ತಿದ್ದ ಕಡೆ ಹಿಂದುಗಡೆ ಒಂದು ಹೊಂಗೆ ಮರ ಇತ್ತು. ಅದರ ಕೆಳಗೆ ಕೂತು ಚೀಟಿ ತೆಗೆದು ಓದುತ್ತಿದ್ದೆ. ಆಮೇಲೆ ಇವತ್ತು ನಿಜವಾಗಿ ಉಣ್ಣಲು ಇಲ್ಲದ ಒಬ್ಬರನ್ನು ನೆನೆಸಿಕೊಳ್ಳುತ್ತಿದ್ದೆ. ಹೆಸರು ಗೊತ್ತಿದ್ದರೆ ಹೆಸರು ಹಿಡಿದು, ಇಲ್ಲವಾದರೆ ಮುಖ ಹಿಡಿದು. ಫೋನು ಜೇಬಿನಲ್ಲೇ ಇರಲಿ. ಊಟ ಬಿಟ್ಟ ಅರ್ಧ ಗಂಟೆಯನ್ನು ವಿಡಿಯೋ ತಿಂದುಹಾಕಿದರೆ ಏನೂ ಉಳಿಯುವುದಿಲ್ಲ.

ಎರಡು ಗಂಟೆಗೆ ಎರಡು ಬಾಳೆಹಣ್ಣು, ಉಪ್ಪು ಹಾಕಿದ ಒಂದು ಲೋಟ ಮಜ್ಜಿಗೆ. ಎರಡೂ ಸಣ್ಣ ಆಹಾರ ಕೂಡಿದರೆ ಇನ್ನೊಂದು ಪೂರ್ತಿ ಊಟ ಆಗಬಾರದು, ಅಳತೆ ಅಷ್ಟೇ.

ನಾಲ್ಕು ಗಂಟೆಯ ಮೇಲೆ ಜಾಗ್ರತೆ. ಆಗ ನಾಲಿಗೆ ಹರಿತವಾಗುತ್ತದೆ. ಮೊದಮೊದಲ ವರ್ಷಗಳಲ್ಲಿ ಶುಕ್ರವಾರ ಸಂಜೆ ಮನೆಗೆ ಬಂದು ಮಗಳ ಮೇಲೆ ಕೂಗಾಡಿದ್ದೇನೆ. ಒಂದು ದಿನ ಅವಳು ಅಮ್ಮನ ಹತ್ತಿರ, "ಅಪ್ಪ ಉಪವಾಸ ಬಿಟ್ಬಿಡ್ಲಿ ಅಂತ ನಾನು ಪ್ರಾರ್ಥನೆ ಮಾಡ್ತೀನಿ" ಎಂದದ್ದು ಕಿವಿಗೆ ಬಿತ್ತು. ಆ ಮಾತಿಗೆ ನನ್ನ ಬಳಿ ಉತ್ತರ ಇರಲಿಲ್ಲ. ಅಂದಿನಿಂದ ಚೀಟಿಯಲ್ಲಿ ಮೊದಲ ಸಾಲು ಅದೇ: ಇವತ್ತು ಯಾರ ಮೇಲೂ ದನಿ ಏರಿಸುವುದಿಲ್ಲ. ಏರಿಸಿದರೆ ಅವತ್ತೇ ಕ್ಷಮೆ ಕೇಳುತ್ತೇನೆ, ಮಗಳಾದರೂ ಸರಿ.

ಸಂಜೆ ಚರ್ಚಿನಲ್ಲಿ ಶಿಲುಬೆ ಹಾದಿ, ಯೇಸು ಶಿಲುಬೆ ಹೊತ್ತು ನಡೆದುದನ್ನು ನೆನೆಯುವ ಪ್ರಾರ್ಥನೆ. ಹದಿನಾಲ್ಕು ಸ್ಥಳಗಳಿಗೂ ಮೊಣಕಾಲೂರಿ ಎದ್ದೇಳುವಾಗ ತಲೆ ಸುತ್ತಿದಂತಾದರೆ ಬೆಂಚಿನ ಮೇಲೆ ಕೂತುಬಿಡಿ. ಮನೆಗೆ ಬಂದು ಮೊದಲು ನೀರು, ಆಮೇಲೆ ಬಿಸಿ ಗಂಜಿ ಸ್ವಲ್ಪ, ಕಾಲು ಗಂಟೆ ಬಿಟ್ಟು ಅನ್ನ, ಸಾರು, ಹೆಸರುಬೇಳೆ ಕೋಸಂಬರಿ. ಬಜ್ಜಿ, ಬೋಂಡ, ಖಾಲಿ ಹೊಟ್ಟೆಗೆ ಗಟ್ಟಿ ಕಾಫಿ ಬೇಡ.

ಹೀಗೆ ಎರಡು ಮೂರು ಶುಕ್ರವಾರ ಕಳೆದ ಮೇಲೆ, ಮೈ ಒಪ್ಪಿದರೆ, ಮಧ್ಯಾಹ್ನದ ಬಾಳೆಹಣ್ಣನ್ನು ಬಿಡಬಹುದು, ಆಮೇಲೆ ಅಂಬಲಿಯನ್ನು. ನೀರನ್ನು ಬಿಡಬೇಡಿ. ಒಂದು ದಿನಕ್ಕಿಂತ ಹೆಚ್ಚು ಊಟವಿಲ್ಲದೆ ಇರುವ ಯೋಚನೆ ಬಂದರೆ ಗುರುಗಳ ಜೊತೆಗೂ ಡಾಕ್ಟರ ಜೊತೆಗೂ ಮಾತಾಡದೆ ಹೆಜ್ಜೆ ಇಡಬೇಡಿ. ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾನು ಯಾರಿಗೂ ಹೇಳದೆ ಮೂರು ದಿನ ಬರೀ ನೀರಿನಲ್ಲಿ ಇದ್ದೆ. ಶುಭ ಶುಕ್ರವಾರ ಶಿಲುಬೆ ಹೊತ್ತು ಗುಡ್ಡ ಹತ್ತುವವರ ಸಾಲಿನಲ್ಲಿ ಕಣ್ಣು ಕತ್ತಲಿಟ್ಟು ಬಿದ್ದೆ. ಹಣೆಗೆ ನಾಲ್ಕು ಹೊಲಿಗೆ. ಅವತ್ತು ಎಲ್ಲರ ಕಣ್ಣು ಶಿಲುಬೆಯಿಂದ ನನ್ನ ಕಡೆ ತಿರುಗಿತು, ಅದನ್ನು ನೆನೆದರೆ ಈಗಲೂ ಸಂಕಟ.

ಯಾರಾದರೂ ಊಟಕ್ಕೆ ಕರೆದರೆ

ಯೇಸು ಹೇಳಿದ್ದು ಸ್ಪಷ್ಟ: ಉಪವಾಸ ಮಾಡುವಾಗ ಮುಖ ಜೋಲು ಹಾಕಬೇಡ, ತಲೆಗೆ ಎಣ್ಣೆ ಹಚ್ಚಿಕೋ, ಮುಖ ತೊಳೆದುಕೋ. ವಿಭೂತಿ ಬುಧವಾರ ಪೂಜೆಯಲ್ಲಿ ಓದುವ ಶುಭಸಂದೇಶ ಇದೇ. ಸ್ಟೇಟಸ್ಸಿನಲ್ಲಿ ಹಾಕಬೇಡಿ.

ಮಲೆನಾಡಿನಲ್ಲಿ ಮನೆಗೆ ಹೋದವರನ್ನು ಬರಿಗೈಲಿ ಕಳಿಸುವುದಿಲ್ಲ. "ಒಂಚೂರು ತಿನ್ನಿ" ಅಂತ ತಟ್ಟೆ ಮುಂದಿಟ್ಟರೆ ಏನು ಮಾಡುವುದು? ಐದನೇ ಶತಮಾನದ ಜಾನ್ ಕಾಸಿಯನ್ ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳನ್ನು ಕಂಡು ಬಂದು ಬರೆದದ್ದು ನನಗೆ ದಾರಿ ತೋರಿಸಿತು. ಅತಿಥಿ ಬಂದಾಗ ಒಬ್ಬ ಹಿರಿಯ ತನ್ನ ಉಪವಾಸ ಮುರಿದು ಜೊತೆಗೆ ಊಟಕ್ಕೆ ಕೂತನಂತೆ. ಯಾಕೆ ಎಂದು ಕೇಳಿದಾಗ, ಉಪವಾಸ ಯಾವಾಗಲೂ ನನ್ನ ಜೊತೆಗಿದೆ, ನಿಮ್ಮನ್ನು ಯಾವಾಗಲೂ ಇಟ್ಟುಕೊಳ್ಳಲಾರೆ ಎಂದನಂತೆ. ಕಡ್ಡಾಯದ ಎರಡು ದಿನ ಬಿಟ್ಟು, ನೀವಾಗಿ ಹಿಡಿದ ಉಪವಾಸದ ದಿನ ಬಡವರ ಮನೆಯಲ್ಲಿ ಅಕ್ಕಿರೊಟ್ಟಿ ಕೊಟ್ಟರೆ ತಿನ್ನಿ. ಮಾರನೇ ದಿನ ಹಿಡಿಯಿರಿ.

ನಮ್ಮ ಸುತ್ತ ಏಕಾದಶಿ, ಶಿವರಾತ್ರಿ, ರಂಜಾನ್ ಹಿಡಿಯುವವರಿದ್ದಾರೆ. 2026ರಲ್ಲಿ ಶಿವರಾತ್ರಿ ಫೆಬ್ರವರಿ 15ಕ್ಕೆ, ವಿಭೂತಿ ಬುಧವಾರ 18ಕ್ಕೆ ಬಂದವು, ರಂಜಾನ್ ತಿಂಗಳೂ ಅದೇ ವಾರ ಶುರುವಾಯಿತು. ಹಸಿವಿನ ಬಗ್ಗೆ ಬೀದಿಯಲ್ಲಿ ಒಬ್ಬರನ್ನೊಬ್ಬರು ಕೇಳಿಕೊಳ್ಳಲು ಅಂಥ ವಾರಗಳು ಒಳ್ಳೆಯವು.

ಬಿಟ್ಟ ಊಟ ಎಲ್ಲಿಗೆ ಹೋಗಬೇಕು

ಅಜ್ಜಿ ಕಲಿಸಿದ ಪಾಠ ಇದು, ಇದಿಲ್ಲದೆ ಉಪವಾಸ ಅರ್ಧವೇ. ಎರಡನೇ ಶತಮಾನದಲ್ಲಿ ರೋಮಿನ ಒಂದು ಕ್ರೈಸ್ತ ಬರಹದಲ್ಲೂ ಇದೇ ಕ್ರಮವಿದೆ: ಉಪವಾಸದ ದಿನ ರೊಟ್ಟಿ, ನೀರು ಮಾತ್ರ ತೆಗೆದುಕೋ, ಅಂದು ತಿನ್ನಬೇಕಿದ್ದ ಆಹಾರದ ಬೆಲೆ ಲೆಕ್ಕ ಹಾಕಿ ವಿಧವೆಗೋ ತಬ್ಬಲಿಗೋ ಇಲ್ಲದವರಿಗೋ ಕೊಡು. ಸಂತ ಅಗಸ್ಟೀನ್ ಹೇಳಿದಂತೆ ಪ್ರಾರ್ಥನೆ ಹಾರಲು ಎರಡು ರೆಕ್ಕೆ ಬೇಕು, ಉಪವಾಸ ಒಂದು, ದಾನ ಇನ್ನೊಂದು.

ಲೆಕ್ಕವನ್ನು ಅಂದಾಜಿಗೆ ಬಿಡಬೇಡಿ. ಬಿಟ್ಟ ತಿಂಡಿ, ಬಿಟ್ಟ ಕಾಫಿ, ಬಿಟ್ಟ ಕೋಳಿ, ಅವತ್ತವತ್ತೇ ಅದರ ದುಡ್ಡನ್ನು ಡಬ್ಬಿಗೆ ಹಾಕಿ. ಭಾನುವಾರದ ಚಿಕನ್ನನ್ನೂ ಬಿಟ್ಟ ಮನೆಯಲ್ಲಿ ಪಾಸ್ಖದ ಹೊತ್ತಿಗೆ ಒಳ್ಳೆಯ ಮೊತ್ತವೇ ಆಗುತ್ತದೆ. ಅಕ್ಕಿಯಾದರೆ ಇನ್ನೂ ಚೆನ್ನ. ದಿನಕ್ಕೆ ಎರಡು ಹಿಡಿ, 46 ದಿನಕ್ಕೆ 92 ಹಿಡಿ, ನಾಲ್ಕು ಕಿಲೋಗೆ ಹತ್ತಿರ. ಹುಳು ಹಿಡಿಯದಂತೆ ನಾಲ್ಕು ಒಣಮೆಣಸಿನಕಾಯಿ ಹಾಕಿಡಿ.

ಯಾರಿಗೆ ಎಂದು ತಪಸ್ಸುಕಾಲದ ಮಧ್ಯದಲ್ಲೇ ಹುಡುಕಲು ಶುರು ಮಾಡಿ. ಕಾಫಿ ಕುಯ್ಲು ಜನವರಿ, ಫೆಬ್ರವರಿಗೆ ಮುಗಿದು ದೂರದಿಂದ ಬಂದ ಕೆಲಸಗಾರರು ಹೊರಡುತ್ತಾರೆ. ಹೋಗಲಾಗದೆ ತೋಟದ ಕೂಲಿಯವರ ಲೈನ್ ಮನೆಯಲ್ಲೇ ಉಳಿದವರಿಗೆ ಕೆಲಸ ಕಡಿಮೆ, ಮಾರ್ಚಿನಲ್ಲಿ ಒಲೆ ಹತ್ತುವುದು ಕಷ್ಟ. ದೊಡ್ಡಾಸ್ಪತ್ರೆಯಲ್ಲಿ ರೋಗಿಗಳ ಜೊತೆ ವಾರಗಟ್ಟಲೆ ನೆಲದ ಮೇಲೆ ಮಲಗುವವರಿದ್ದಾರೆ, ರೋಗಿಗೆ ಊಟ ಸಿಕ್ಕರೂ ಇವರಿಗೆ ಸಿಗುವುದಿಲ್ಲ. ಪಕ್ಕದ ಬೀದಿಯಲ್ಲಿ ಮಕ್ಕಳು ದೂರ ಇರುವ ಅಜ್ಜ ಅಜ್ಜಿಯರಿರಬಹುದು. ಯಾವ ಧರ್ಮದವರು ಎಂದು ಕೇಳಬೇಡಿ. ಕೊಡುವಾಗ ಫೋಟೋ ಬೇಡ, ಕೈಗೆ ಕೈ ಕೊಟ್ಟರೆ ಸಾಕು. ಸಾಧ್ಯವಾದರೆ ಐದು ನಿಮಿಷ ಕೂತು ಮಾತಾಡಿ.

ಅಜ್ಜಿ ಪವಿತ್ರ ಶನಿವಾರ ಬೆಳಿಗ್ಗೆ ಮಡಕೆಯನ್ನು ಮೊರಕ್ಕೆ ಸುರಿದು, ಕಲ್ಲು ಆರಿಸಿ, ಹೊಸ ಅಕ್ಕಿಗೆ ಕೊಡುವಷ್ಟೇ ಗಮನದಿಂದ ಕೇರುತ್ತಿದ್ದರು. "ಕೊಡೋದ್ರಲ್ಲಿ ಕಲ್ಲಿರಬಾರ್ದು" ಎನ್ನುತ್ತಿದ್ದರು. ಬಿಳಿ ಬಟ್ಟೆಯಲ್ಲಿ ಕಟ್ಟಿ, ಹತ್ತು ಗಂಟೆಯ ಬಿಸಿಲು ಏರುವ ಮುಂಚೆ ನನ್ನ ಕೈಗೆ ಕೊಟ್ಟು ಕಳಿಸುತ್ತಿದ್ದರು. ಈಗ ಆ ಮಡಕೆಯ ಬಾಯಿ ಒಂದು ಕಡೆ ಒಡೆದಿದೆ, ಬಟ್ಟೆ ಮುಚ್ಚಿ ಇಡುತ್ತೇವೆ. ಹಿಡಿ ಹಾಕುವ ಕೆಲಸ ಮಗಳದು. ಅವಳ ಕೈ ಚಿಕ್ಕದು, ಅದಕ್ಕೇ ಎರಡು ಸಲ ಹಾಕುತ್ತಾಳೆ.